ಹಗೇವಿಗೆ ಬಿಟ್ಟ ದೀಪ

ಹಗೇವಿನ ಬಾಯಿ ತೆಗೆದಾಗ ಬರುತ್ತಿದ್ದ ಮುಗ್ಗಲು ವಾಸನೆ ಲಕ್ಕಮ್ಮನಿಗೆ ನೆನಪಾಯಿತು. ನುಗ್ಗೇಹಳ್ಳಿಯಲ್ಲಿ ಅವಳ ಅಪ್ಪ ನೆಲದೊಳಗಿನ ಆ ರಾಗಿ ಗುಂಡಿಗೆ ಮೊದಲು ದೀಪ ಇಳಿಬಿಡುತ್ತಿದ್ದ. ಅದು ಆರಿದರೆ ಒಳಗೆ ಉಸಿರುಗಟ್ಟಿಸುವ ಗಾಳಿಯಿದೆ ಎಂದರ್ಥ; ಯಾರೂ ಇಳಿಯುವಂತಿರಲಿಲ್ಲ. ಈಗ ಮೆಜೆಸ್ಟಿಕ್‌ನಲ್ಲಿ, ಬೆಂಗಳೂರಿನ ಮೊದಲ ಸುರಂಗ ಮೆಟ್ರೊಗೆ ಇಳಿಯುವ ಮೆಟ್ಟಿಲ ತುದಿಯಲ್ಲಿ, ಊರಿನಿಂದ ತಂದ ಬುತ್ತಿ ಹಿಡಿದು ನಿಂತುಬಿಟ್ಟಳು. ಕೆಳಗೆ ತಪಾಸಣೆಯ ಮೇಜಿನ ಬಳಿ, ಸೆಕ್ಯೂರಿಟಿ ಸಮವಸ್ತ್ರದಲ್ಲಿ ಮಗಳು ನೇತ್ರಾವತಿ ನಿಂತಿದ್ದಳು.

“ನೀನೇ ಮ್ಯಾಕ್ ಬಾ ಮಗಾ. ನಾ ಇಳಿಯಾಕಿಲ್ಲ.”

“ಡ್ಯೂಟಿ ಬಿಟ್ ಬರಂಗಿಲ್ಲ ಕಣವ್ವ. ಎಲ್ರೂ ಇಳೀತಾವ್ರೆ, ನೋಡು.”

“ದೀಪ ಬಿಟ್ಟು ನೋಡವ್ರಾ?”

ನೇತ್ರಾವತಿ ನಗುತ್ತಾ ಮೊಬೈಲಿನ ಟಾರ್ಚ್ ಹಚ್ಚಿ ಎತ್ತಿ ಹಿಡಿದಳು.

“ಥೂ, ಅದು ಆರೋ ದೀಪನೇನೇ?”

“ಅಂಗಾರೆ ನನ್ನೇ ನೋಡವ್ವ. ವರ್ಷದಿಂದ ಇಲ್ಲೇ ಇವ್ನಿ. ನಾನೇನ್ ಆರಿಹೋದ್ನಾ?”

ಲಕ್ಕಮ್ಮ ಮಗಳ ಮುಖವನ್ನೇ ನೋಡಿದಳು. ಮೊದಲಿಗಿಂತ ಕೆನ್ನೆ ಸ್ವಲ್ಪ ತುಂಬಿಕೊಂಡಿತ್ತು. ಆ ಮುಖದಿಂದ ಕಣ್ಣು ಕೀಳದೆ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದಳು. ಹುಚ್ಚೆಳ್ಳು ಚಟ್ನಿ ಸವರಿದ ರೊಟ್ಟಿಯ ಬುತ್ತಿಯನ್ನು ಅವಳ ಕೈಗಿಟ್ಟಳು.