ಹಳದಿ ಚೀಟಿಯ ರಕ್ತ

ರಕ್ತನಿಧಿಯಲ್ಲಿ ಎರಡು ಕೌಂಟರುಗಳಿದ್ದವು. ಬಿಳಿ ಚೀಟಿಯದರಲ್ಲಿ ಶುದ್ಧ ರಕ್ತ ಸಿಗುತ್ತಿತ್ತು, ಹಳದಿ ಚೀಟಿಯದರಲ್ಲಿ ಕಾಮಾಲೆಯ ವೈರಸ್ ಇರುವ ರಕ್ತ. ಆರೋಗ್ಯವಂತ ದಾನಿಗಳೇ ಇಲ್ಲವಾದ ಮೇಲೆ ಸರ್ಕಾರ ಹಳದಿಗೂ ಒಪ್ಪಿಗೆ ಕೊಟ್ಟು, ಜೊತೆಗೆ ಕಾಮಾಲೆಯ ಗುಳಿಗೆಗಳನ್ನು ಪುಕ್ಕಟೆ ಹಂಚುತ್ತಿತ್ತು.

ಥಲಸ್ಸೀಮಿಯಾದಿಂದಾಗಿ ತಿಂಗಳು ತಿಂಗಳೂ ರಕ್ತ ಬೇಕಾಗುತ್ತಿದ್ದ ಮಗಳು ಶ್ರಾವಣಿಗೆ ಮಹಾನಂದಾ ಇಷ್ಟು ವರ್ಷ ಬಿಳಿಯನ್ನೇ ಹಾಕಿಸಿದ್ದಳು. ಇವತ್ತು ಆ ಕೌಂಟರು ಮುಚ್ಚಿತ್ತು. ಮೆಟ್ಟಿಲು ಹತ್ತಿ ಸುಸ್ತಾದ ಹುಡುಗಿ ಗೋಡೆಗೊರಗಿ ಏದುಸಿರು ಬಿಡುತ್ತಿದ್ದಳು.

"ಹಳದಿ ಒಯ್ರಿ ಅಕ್ಕಾ. ಎಲ್ಲಾರೂ ಅದನ್ನೇ ಒಯ್ತಾರ," ಎಂದ ಗುಮಾಸ್ತ, ಮಿರ್ಚಿ ಭಜಿ ತಿಂದ ಜಿಡ್ಡುಗೈಯಲ್ಲೇ ರಕ್ತದ ಚೀಲವನ್ನು ಅವಳತ್ತ ತಳ್ಳಿದ.

ಹಿಂದೆ ನಿಂತಿದ್ದ ಹೆಂಗಸು, "ನಮ್ಮ ಹುಡುಗಗ ಕಾಮಾಲಿ ಮೊದಲೇ ಹತ್ತ್ಯದ. ಈಗ ಚಿಂತಿನೇ ಇಲ್ಲ ನೋಡ್ರಿ," ಎಂದು ಸಮಾಧಾನ ಹೇಳಿದಳು.

ಮಹಾನಂದಾ ಚೀಲವನ್ನು ಮುಟ್ಟಲಿಲ್ಲ. "ನಿನ್ನ ರಕ್ತ ಯಾವ ಗುಂಪಿಂದು?" ಎಂದು ಗುಮಾಸ್ತನನ್ನು ಕೇಳಿದಳು.

"ಓ ಪಾಸಿಟಿವ್."

"ನನ್ನ ಮಗಳದೂ ಅದೇ. ನಂದು ಬ್ಯಾರೆ ಗುಂಪು, ಕೂಡೂದಿಲ್ಲ. ನೀನೇ ಕೊಡೋ ತಮ್ಮಾ, ಕೈ ಮುಗೀತೀನಿ."

ಅವನು ಮುಖ ಕಿವುಚಿದ. "ಛೀ, ಸೂಜಿ ಅಂದ್ರ ನನಗ ಹೇಸಿಗಿ ಅಕ್ಕಾ."

ಸಾಲಿನಲ್ಲಿದ್ದ ಗಂಡಸರನ್ನೂ ಬೇಡಿದಳು. ಒಬ್ಬೊಬ್ಬರಾಗಿ ಹಿಂದೆ ಸರಿದರು.

"ಅವ್ವಾ, ಹಳದಿನೇ ಹಾಕ್ಸು. ಕಣ್ಣಿಗಿ ಕತ್ತಲಿ ಬರ್ಲಾಕತ್ತದ," ಎಂದು ಶ್ರಾವಣಿ ತೋಳು ಮೇಲೇರಿಸಿದಳು.

ಮಹಾನಂದಾ ಮಗಳನ್ನು ಪಕ್ಕದ ಕೋಣೆಗೆ ಕರೆದೊಯ್ದು, ಚೀಲವನ್ನು ಅಲ್ಲಿನ ನರ್ಸಿನ ಕೈಗಿಟ್ಟು, ನೋಡಲಾಗದೆ ಹೊರಗೋಡಿ, ನಲ್ಲಿಯ ಬಳಿ ವಾಂತಿ ಮಾಡಿಕೊಂಡಳು. ಬಾಯಿ ತೊಳೆದು ಬಂದು ಮಗಳ ಪಕ್ಕದಲ್ಲಿ ಕುಳಿತಳು. ಅರ್ಧ ಚೀಲ ಇಳಿಯುವಷ್ಟರಲ್ಲಿ ಹುಡುಗಿಯ ತುಟಿಗೆ ಕೆಂಪು ಬಂತು. ಅದನ್ನು ಕಂಡು ಮಹಾನಂದಾಳಿಗೆ ಸಂತೋಷವಾಯಿತು. ಆ ಸಂತೋಷಕ್ಕೇ ಮತ್ತೆ ಓಕರಿಕೆ ಬಂತು.