ಕೆಂಪು ತೋಟೆ

“ಇದೆಂತ ಅತ್ಗೆ, ತೋಟೆ ಲೆಕ್ಕದಗೆ ನಿಮ್ಮ ಹೆಸ್ರ್ ಇತ್ತಲೆ?” ತೀರಿಹೋದ ಅಣ್ಣ ಗೋವರ್ಧನನ ಕೋವಿಯನ್ನು ಠಾಣೆಗೆ ಒಪ್ಪಿಸಲು ಹೊರಟಿದ್ದ ಜಿತೇಂದ್ರ, ಪೆಟ್ಟಿಗೆಯಲ್ಲಿ ಸಿಕ್ಕ ಪುಸ್ತಕವನ್ನು ಹರಿಣಾಕ್ಷಿಯ ಮುಂದೆ ಹಿಡಿದ.

ಗದ್ದೆಗೆ ನುಗ್ಗುವ ಹಂದಿಗಳಿಗೆಂದು ಗೋವರ್ಧನ ಕೈಯಾರೆ ಮದ್ದು-ಗುಂಡು ತುಂಬುತ್ತಿದ್ದ ಎರಡು ಬಗೆಯ ಕೋವಿ ತೋಟೆಗಳ ಹೋಲಿಕೆ ಅದು. ಅಳತೆ ಒಂದೇ, ಗುಂಡೂ ಒಂದೇ. ಕೆಂಪಿಗೆ ಮದ್ದು ಚೂರು ಹೆಚ್ಚು. ಕೆಂಪು: ‘ಹಂದಿಗೆ ಸಾಕು.’ ಹಸಿರು: ‘ದೂರ ಸಾಲದು.’ ಕೊನೆಯಲ್ಲಿ ಸದ್ದಿನ ಲೆಕ್ಕ. ಕೆಂಪಿನ ಎದುರು ಪ್ರತಿ ಸಲವೂ ‘ಹರಿಣಾಕ್ಷಿ ಬೆಚ್ಚಿದಳು’ ಎಂದಿತ್ತು. ಹಸಿರಿನ ಎದುರು, ‘ಬೆಚ್ಚಲಿಲ್ಲ.’ ಅದರಡಿ ಗೆರೆ ಎಳೆದು ಬರೆದಿದ್ದ: ‘ಇನ್ನು ಹಸಿರೇ.’

“ನಿಮ್ಮ್ ಕೋವಿಗೆ ಹಂದಿ ಬಿಡಿ, ಕಾಕೆಯೂ ಹಾರುದಿಲ್ಲ” ಎಂದು ಅವಳು ಗಂಡನನ್ನು ವರ್ಷಗಟ್ಟಲೆ ಹಂಗಿಸಿದ್ದಳು. ಅವನು ಸುಮ್ಮನೆ ನಗುತ್ತಿದ್ದ.

ಪೆಟ್ಟಿಗೆಯ ಮೂಲೆಯಲ್ಲಿ ಒಂದೇ ಒಂದು ಕೆಂಪು ತೋಟೆ ಉಳಿದಿತ್ತು. ಹರಿಣಾಕ್ಷಿ ಅದನ್ನು ಮೈದುನನ ಅಂಗೈಯಲ್ಲಿಟ್ಟಳು. “ಗುಡ್ಡೆ ಬದಿಗೆ ಇದೊಂದ್ ಹೊಡಿ.”

“ಇದ್ರ್ ಸದ್ದ್ ಜೋರಿತ್ತ್, ಅತ್ಗೆ.”

ಅವಳು ಆಗಲೇ ಅಡುಗೆಮನೆಗೆ ಹೋಗಿ, ಬೆನ್ನು ತಿರುಗಿಸಿ ಕಾಯಿ ತುರಿಯಲು ಕುಳಿತಿದ್ದಳು.

“ಹೊಡೂ ಮೊದ್ಲ್ ಹೇಳ್ಬೇಡ” ಎಂದಳು.