ಬೇರೆ ಹಗ್ಗ

ಮಾವ ತೀರಿಕೊಂಡ ವರ್ಷದಿಂದ ಅತ್ತೆಯದು ಕಟ್ಟುನಿಟ್ಟಿನ ಮಡಿ. ದಿನಕ್ಕೆ ಮೂರು ಸ್ನಾನ, ಬೇರೆ ಸೋಪು, ಸೀರೆ ಒಣಹಾಕಲು ಬೇರೆ ಹಗ್ಗ. ಅಕ್ಕಪಕ್ಕದವರು ಕೈಮುಗಿಯುತ್ತಿದ್ದರು. ಈಚೆಗೆ ಸೊಸೆ ವಾರಿಜಳೂ ತನ್ನ ಬಟ್ಟೆಯನ್ನು ಬೇರೆಯಾಗಿ ಒಗೆಯತೊಡಗಿದಳು.

"ಏನೇ, ನಿನಗೂ ಮಡಿ ಬಂತಾ?" ಅತ್ತೆ ಕೊಂಕು ನುಡಿದರು.

ವಾರಿಜ ತಲೆ ಎತ್ತಲಿಲ್ಲ. "ಕೆಳಗೆ, ಆ ಜಾಗದಲ್ಲಿ ನರಹುಲಿ ಎದ್ದಿದೆ ಅತ್ತೆ. ನಿಮ್ಮ ಮಗನಿಗೆ ಹೇಳ್ಬೇಡಿ. ನಾನು ಅಂಥವಳಲ್ಲ."

"ಡಾಕ್ಟ್ರಿಗೆ ತೋರಿಸಿದ್ಯಾ?"

"ಹ್ಞೂಂ. ವೈರಸ್ಸಂತೆ. ಗಂಡನಿಂದಲೂ ಬರುತ್ತಂತೆ, ವರ್ಷಗಟ್ಟಲೆ ಸುಮ್ಮನೆ ಒಳಗೇ ಇರುತ್ತಂತೆ. ಎಷ್ಟೋ ಹೆಂಗಸರಿಗೆ ಇದೆ, ಔಷಧಿ ಇದೆ ಅಂದ್ರು."

ಅತ್ತೆ ಎದ್ದುಹೋಗಿ ಬಾಗಿಲು ಹಾಕಿದರು. ಮರಳಿ ಬಂದು ಸೊಸೆಯ ಪಕ್ಕದಲ್ಲೇ ಕೂತು ದನಿ ತಗ್ಗಿಸಿದರು.

"ಹೆಂಗಸು ಡಾಕ್ಟ್ರೇನೇ?"

"ಹೌದತ್ತೆ."

"ನಾಳೆ ನನ್ನ ಹೆಸರಿಗೂ ಒಂದು ಚೀಟಿ ಮಾಡಿಸು."